ಸಿಗಡಿ ಬಲೆಯಿಂದ ಮರಿ ಮೀನು ಪಾರಾಗಲಿ: ಬೆಂಗಳೂರಿನಲ್ಲಿರುವ ಬೋಟ್ ಪಾಲುದಾರರಿಗೊಂದು ಮಾರ್ಗದರ್ಶಿ

ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರದ ಕಡೆಯ ಎಷ್ಟೋ ಮನೆಗಳಲ್ಲಿ ಬೋಟು ಊರಿನಲ್ಲಿದೆ, ಬೋಟಿಗೆ ದುಡ್ಡು ಹಾಕಿದವರು ಬೆಂಗಳೂರಿನಲ್ಲಿದ್ದಾರೆ. ಅಪ್ಪನ ಕಾಲದ ಪಾಲು, ಅಣ್ಣನ ಜೊತೆ ಸೇರಿ ತೆಗೆದ ಸಾಲ, ಭಾವನ ಬೋಟಿಗೆ ಕೊಟ್ಟ ಬಂಡವಾಳ, ಹೀಗೆ ಒಬ್ಬೊಬ್ಬರದು ಒಂದೊಂದು ಬಗೆ. ದುಡಿಮೆ ಇಲ್ಲಿ, ಲೆಕ್ಕ ಅಲ್ಲಿ. ಬೋಟು ಮೀನು ಇಳಿಸುವ ದಕ್ಕೆಗೆ ಬಂದ ರಾತ್ರಿ ಫೋನು ಬರುತ್ತದೆ, ನಾವು ಕೇಳುವ ಮೊದಲ ಪ್ರಶ್ನೆ ಎಷ್ಟು ಕೇಜಿ ಎಂದು. ಈ ಬರಹ ಆ ಪ್ರಶ್ನೆ ಕೇಳುವವರಿಗಾಗಿ. ಬಲೆಯಲ್ಲಿ ಏನು ಬದಲಿಸಬೇಕು, ಯಾವ ಕ್ರಮದಲ್ಲಿ ಬದಲಿಸಬೇಕು, ಬದಲಿಸಿದ್ದು ಕೆಲಸ ಮಾಡುತ್ತಿದೆಯೇ ಎಂದು ಹೇಗೆ ತಿಳಿಯಬೇಕು ಎಂಬುದನ್ನು ಹಂತ ಹಂತವಾಗಿ ಹೇಳುತ್ತೇನೆ. ಬಲೆ ಎಳೆಯುವವರು ಬೋಟು ನಡೆಸುವ ತಾಂಡೇಲರು ಮತ್ತು ಅವರ ಜೊತೆ ದುಡಿಯುವ ಕಲಾಸಿಗಳು. ಆದರೆ ಹೊಸ ಬಲೆಗೆ ದುಡ್ಡು ಬಿಚ್ಚುವವರೂ ಮೊದಲ ತಿಂಗಳು ತೂಕ ಕಡಿಮೆಯಾದರೆ ತಾಳಿಕೊಳ್ಳಬೇಕಾದವರೂ ನಾವು.

ಸಿಗಡಿ ಹಿಡಿಯಲು ಬೋಟಿನ ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆ ಸಮುದ್ರದ ನೆಲಕ್ಕೆ ತಾಗಿಕೊಂಡು ಹೋಗುತ್ತದೆ. ಸಿಗಡಿ ಸಣ್ಣದು, ಹಾಗಾಗಿ ಬಲೆಯ ಕಣ್ಣೂ ಸಣ್ಣದು. ಅದೇ ಜಾಗದಲ್ಲಿ ಮದ್ಮಾಲ್, ನಂಗು, ಕೊಡ್ಡಾಯಿ, ಪಾಂಬೊಲ್ ಮೀನುಗಳು, ಬೊಂಡಾಸ್ (ಸ್ಕ್ವಿಡ್) ಎಲ್ಲದರ ಮರಿಗಳೂ ಮೇಯುತ್ತಿರುತ್ತವೆ. ಅವೂ ಸಿಗಡಿಯ ಜೊತೆ ಬಲೆಯ ಕೊನೆಯ ಚೀಲ ಸೇರುತ್ತವೆ, ಹೆಚ್ಚಿನವು ಡೆಕ್ಕಿಗೆ ಬರುವಷ್ಟರಲ್ಲಿ ಸತ್ತಿರುತ್ತವೆ. ಅವುಗಳಲ್ಲಿ ಬಹುಪಾಲು ಹೋಗುವುದು ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ, ತೀರಾ ಕಡಿಮೆ ದರಕ್ಕೆ. ಆರು ತಿಂಗಳು ಬಿಟ್ಟಿದ್ದರೆ ಅದೇ ಮೀನು ಹತ್ತಾರು ಪಟ್ಟು ಬೆಲೆ ತರುತ್ತಿತ್ತು, ಅದಕ್ಕೂ ಮೊದಲು ಒಂದು ಸಲ ಮೊಟ್ಟೆ ಇಡುತ್ತಿತ್ತು. ನಾಳೆಯ ನಮ್ಮದೇ ಮೀನನ್ನು ಇವತ್ತು ಗೊಬ್ಬರದ ಬೆಲೆಗೆ ಮಾರುತ್ತಿದ್ದೇವೆ. ನನಗೆ ಸಂಕಟವಾಗುವುದು ಇಲ್ಲಿಯೇ.

ಮೊದಲು ಈಗಿರುವ ಬಲೆಯನ್ನು ಅಳೆಯಿರಿ

ಬಲೆ ಎಷ್ಟು ಮಿಲಿಮೀಟರಿನದು ಎಂದು ಕೇಳಿದರೆ ಅಂಗಡಿಯ ಬಿಲ್ಲಿನಲ್ಲಿದ್ದ ಅಂಕಿ ಹೇಳುತ್ತಾರೆ. ಅದನ್ನು ನಂಬಿಕೊಂಡು ಮುಂದೆ ಹೋಗಬೇಡಿ. ನೀರಲ್ಲಿ ನೆನೆದು, ಎಳೆದು, ಬಿಸಿಲಿಗೆ ಒಣಗಿದ ಬಲೆಯ ಕಣ್ಣು ಬಿಲ್ಲಿನ ಅಂಕಿಗೆ ಹೊಂದಬೇಕೆಂದಿಲ್ಲ. ನೋಡಬೇಕಾದ್ದು ಬಲೆಯ ಕೊನೆಯ ಚೀಲವನ್ನು, ಅಂದರೆ ಕಾಡ್‌ಎಂಡನ್ನು. ಮರಿಗಳ ಹಣೆಬರಹ ತೀರ್ಮಾನವಾಗುವುದು ಬಹುಮಟ್ಟಿಗೆ ಅಲ್ಲಿ.

ಅಳೆಯಲು ಬೇಕಾದ್ದು ಬೆಣೆಯಾಕಾರದ ಒಂದು ತಗಡು. ಇದನ್ನು ಬೆಂಗಳೂರಿನಲ್ಲೇ ಮಾಡಿಸಬಹುದು. ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡುವ ಯಾವ ವರ್ಕ್‌ಶಾಪಿಗಾದರೂ ಹೋಗಿ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು ಕೊಟ್ಟು ಈ ಅಳತೆ ಹೇಳಿ: ಉದ್ದ 18 ಸೆಂ.ಮೀ., ಒಂದು ತುದಿಯಲ್ಲಿ ಅಗಲ 60 ಮಿ.ಮೀ., ಇನ್ನೊಂದು ತುದಿಯಲ್ಲಿ 15 ಮಿ.ಮೀ., ಎರಡೂ ಅಂಚು ಸಮನಾಗಿ ಕಿರಿದಾಗುತ್ತ ಬರಬೇಕು. ಪ್ರತಿ 4 ಮಿ.ಮೀ. ಉದ್ದಕ್ಕೆ ಅಗಲ 1 ಮಿ.ಮೀ. ಕಡಿಮೆಯಾಗುತ್ತದೆ, ಆ ಲೆಕ್ಕದಲ್ಲಿ ಗೆರೆ ಕೊರೆಸಿ ಅಂಕಿ ಬರೆಸಿ. ಹಿಡಿಯಲು ದೊಡ್ಡ ತುದಿಯ ಕಡೆ ಒಂದು ಹಿಡಿಕೆಯನ್ನೂ ಸೇರಿಸಿ. ಅಂಚುಗಳನ್ನು ನಯವಾಗಿ ತಿಕ್ಕಿಸಿ, ಇಲ್ಲದಿದ್ದರೆ ನೂಲು ಕತ್ತರಿಸಿಹೋಗುತ್ತದೆ.

ಊರಿಗೆ ಹೋದಾಗ ಬಲೆ ಒದ್ದೆಯಾಗಿರುವಾಗಲೇ ಅಳೆಯಿರಿ. ಚೀಲದ ಬಾಯಿ ಕಟ್ಟುವ ಹಗ್ಗದಿಂದಲೂ ಹೊಲಿಗೆಯಿಂದಲೂ ಅರ್ಧ ಮೀಟರ್ ದೂರವಿರುವ ಜಾಗ ಆರಿಸಿಕೊಳ್ಳಿ. ಬಲೆಯನ್ನು ಉದ್ದಕ್ಕೆ ಎಳೆದು ಹಿಡಿದು, ಸಾಲಾಗಿ 20 ಕಣ್ಣುಗಳಲ್ಲಿ ಒಂದೊಂದರೊಳಗೂ ತಗಡು ತೂರಿಸಿ, ಅದು ತಡೆದು ನಿಂತ ಕಡೆಯ ಅಂಕಿ ಬರೆದುಕೊಳ್ಳಿ. ಇಪ್ಪತ್ತರ ಸರಾಸರಿಯೇ ನಿಮ್ಮ ಬಲೆಯ ಕಣ್ಣು. ಎದುರುಬದುರು ಗಂಟುಗಳ ನಡುವಿನ ಒಳ ಅಂತರ ಇದು. ನಿಯಮಗಳಲ್ಲಿ ಬರುವ ಅಂಕಿಯೂ ಈ ರೀತಿ ಅಳೆದದ್ದೇ.

ಚೀಲವನ್ನು ಒಳಗೂ ಹೊರಗೂ ಮುಟ್ಟಿ ನೋಡಿ. ಒಳಗೆ ಇನ್ನೊಂದು ಸಣ್ಣ ಕಣ್ಣಿನ ಪದರ ಹೊಲಿದಿದ್ದರೆ ಅಥವಾ ಹೊರಗಿನ ರಕ್ಷಣೆಯ ಬಲೆ ಕಣ್ಣಿಗೆ ಅಡ್ಡ ಬಂದಿದ್ದರೆ ಮೇಲಿನ ಅಳತೆಗೆ ಅರ್ಥವಿಲ್ಲ. ಮೊದಲು ಅದನ್ನು ತೆಗೆಸಬೇಕು.

ಪಾರಿವಾಳದ ಬಲೆಯಲ್ಲಿ ಒಂದು ಪರೀಕ್ಷೆ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಬಾಲ್ಕನಿಗೆಲ್ಲ ಪಾರಿವಾಳ ತಡೆಯುವ ಬಲೆ ಹಾಕಿರುತ್ತಾರೆ. ಹಾಕಿಸುವಾಗ ಉಳಿದ ತುಂಡು ಇದ್ದರೆ ತನ್ನಿ. ಒಂದು ಕಣ್ಣಿನ ಮೇಲಿನ ಗಂಟನ್ನೂ ಕೆಳಗಿನ ಗಂಟನ್ನೂ ಹಿಡಿದು ಎಳೆಯಿರಿ. ಕಣ್ಣು ಉದ್ದವಾಗಿ, ಕಿರಿದಾಗಿ, ಕೊನೆಗೆ ಎರಡು ನೂಲು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವೆ ಪೆನ್ಸಿಲ್ಲೂ ತೂರುವುದಿಲ್ಲ. ಈಗ ಅದೇ ತುಂಡನ್ನು 45 ಡಿಗ್ರಿ ತಿರುಗಿಸಿ, ನೂಲಿನ ನೇರಕ್ಕೇ ಎಳೆಯಿರಿ. ಎಷ್ಟು ಎಳೆದರೂ ಕಣ್ಣು ಚೌಕವಾಗಿಯೇ ನಿಲ್ಲುತ್ತದೆ. ಬೆರಳು ಸಲೀಸಾಗಿ ಹೋಗುತ್ತದೆ.

ಸಮುದ್ರದಲ್ಲೂ ಹೀಗೆಯೇ ಆಗುತ್ತದೆ. ಸಾಮಾನ್ಯ ಬಲೆಯ ಕಣ್ಣು ವಜ್ರಾಕಾರ. ಎಂಜಿನ್ ಎಳೆತ ಬಿದ್ದ ಕೂಡಲೇ ಚೀಲ ಉದ್ದುದ್ದ ಜಗ್ಗಿ ಕಣ್ಣು ಮುಚ್ಚಿಕೊಳ್ಳುತ್ತದೆ. 35 ಮಿ.ಮೀ. ಕಣ್ಣಿನ ಲೆಕ್ಕ ಹಾಕೋಣ. ಎಳೆತದಲ್ಲಿ ಅದು ತನ್ನ ಅಳತೆಯ ಕಾಲು ಭಾಗದಷ್ಟು ಮಾತ್ರ ಅಗಲವಾಗಿ ತೆರೆದಿದ್ದರೆ, ನಡುವಿನಲ್ಲಿ 9 ಮಿ.ಮೀ.ಗಿಂತ ಕಡಿಮೆ ಸಂದು. ಅದೇ ಬಲೆಯನ್ನು ಚೌಕವಾಗಿ ಹಾಕಿದರೆ ಪ್ರತಿ ಬದಿಯೂ 17.5 ಮಿ.ಮೀ., ತೆರೆದ ಜಾಗ ಹೆಚ್ಚುಕಡಿಮೆ ಎರಡು ಪಟ್ಟು. ಬೆರಳು ಗಾತ್ರದ ಮದ್ಮಾಲ್ ಮರಿಗೆ ಮೊದಲನೆಯದು ಗೋಡೆ, ಎರಡನೆಯದು ಬಾಗಿಲು.

ಈ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕಣ್ಣಿನ ಅಳತೆ ಎಷ್ಟು ಎಂಬುದಷ್ಟೇ ಸಾಲದು, ಎಳೆಯುವಾಗ ಅದು ತೆರೆದಿರುತ್ತದೆಯೇ ಎಂಬುದು ಮುಖ್ಯ. ದೊಡ್ಡ ಕಣ್ಣಿನ ಬಲೆ ತಂದು ವಜ್ರಾಕಾರದಲ್ಲೇ ಹೊಲಿದರೆ ಸಿಗುವ ಲಾಭ ಕಡಿಮೆ.

ಒಂದು ಎಚ್ಚರಿಕೆ. ದುಂಡು ಮೈಯ ಮೀನಿಗೆ, ಅಂದರೆ ಬಂಗುಡೆ, ಮದ್ಮಾಲ್, ಕೊಡ್ಡಾಯಿ ಮರಿಗಳಿಗೆ ಚೌಕ ಕಣ್ಣು ಹೇಳಿ ಮಾಡಿಸಿದ್ದು. ನಂಗು, ಮಾಂಜಿಯಂಥ ಚಪ್ಪಟೆ ಮೈಯವು ಓರೆಯಾಗಿ ವಜ್ರಾಕಾರದ ಸಂದಿನಲ್ಲೇ ಹೆಚ್ಚು ಸುಲಭವಾಗಿ ನುಸುಳುತ್ತವೆ. ನಿಮ್ಮ ಬೋಟಿಗೆ ಬೀಳುವ ಮರಿಗಳಲ್ಲಿ ಯಾವುದು ಹೆಚ್ಚು ಎಂದು ತಾಂಡೇಲರನ್ನು ಕೇಳಿಕೊಂಡೇ ಮುಂದಿನ ಹೆಜ್ಜೆ ಇಡಿ.

ಚೌಕ ಕಣ್ಣಿನ ಚೀಲ ಮಾಡಿಸುವುದು

ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, ಎಲ್ಲರೂ ಸಿಫ್ಟ್ ಎಂದು ಕರೆಯುವುದು, ಬಲೆಯ ಮೇಲೆ ದಶಕಗಳಿಂದ ಕೆಲಸ ಮಾಡಿದೆ. ಚೌಕ ಕಣ್ಣಿನ ಚೀಲವನ್ನು ನಮ್ಮ ಕರಾವಳಿಯಲ್ಲಿ ಪರೀಕ್ಷಿಸಿ ಶಿಫಾರಸು ಮಾಡಿದವರಲ್ಲಿ ಅವರು ಮುಂದಿದ್ದಾರೆ. ಕೇರಳದ ನಿಯಮದಲ್ಲಿ ಟ್ರಾಲ್ ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣು ಎಂದಿದೆ. ಈ 35 ಕಣ್ಣಿನ ಮೂಲೆಯಿಂದ ಮೂಲೆಗೆ ಎಳೆದು ಅಳೆದದ್ದು, ಬದಿಯ ಅಳತೆ ಅದರ ಅರ್ಧ. ಬದಿಯೇ 35 ಎಂದು ತಿಳಿದು ಬಲೆ ತಂದರೆ ಸಿಗಡಿಯೆಲ್ಲ ಸೋರಿಹೋಗುತ್ತದೆ, ಆಮೇಲೆ ಊರಿನಲ್ಲಿ ಯಾರೂ ಚೌಕ ಕಣ್ಣಿನ ಹೆಸರೆತ್ತುವುದಿಲ್ಲ. ಆರ್ಡರ್ ಕೊಡುವಾಗ ಇದನ್ನು ಬರೆದೇ ಕೊಡಿ.

ನೂಲು ಎಚ್‌ಡಿಪಿಇ ಪ್ಲಾಸ್ಟಿಕ್ಕಿನದು ಇರಲಿ, ಸಾಧ್ಯವಾದರೆ ಗಂಟಿಲ್ಲದ ಬಲೆ ತರಿಸಿ. ಗಂಟಿನ ಬಲೆಯನ್ನು ಚೌಕವಾಗಿ ಎಳೆದಾಗ ಗಂಟು ಜಾರುತ್ತದೆ, ಕೆಲವು ವಾರಗಳಲ್ಲಿ ಕಣ್ಣುಗಳು ಸೊಟ್ಟಗಾಗಿ ಒಂದು ದೊಡ್ಡದು ಒಂದು ಸಣ್ಣದು ಆಗುತ್ತವೆ. ಗಂಟಿನ ಬಲೆಯೇ ಗತಿ ಎಂದಾದರೆ ಬಿಸಿಗೆ ಹಿಡಿದು ಗಂಟು ಬಿಗಿ ಮಾಡಿದ ಮಾಲು ಕೇಳಿ. ಇನ್ನೊಂದು ದಾರಿಯೂ ಇದೆ. ಗಂಟಿನ ಬಲೆಯನ್ನು 45ರ ಬದಲು 90 ಡಿಗ್ರಿ ತಿರುಗಿಸಿ ಹೊಲಿಯುವುದು. ಆಗ ಗಂಟಿನ ದಪ್ಪವೇ ಕಣ್ಣನ್ನು ಪೂರ್ತಿ ಮುಚ್ಚಿಕೊಳ್ಳಲು ಬಿಡುವುದಿಲ್ಲ, ಗಂಟೂ ಜಾರುವುದಿಲ್ಲ. ಬಾಲ್ಟಿಕ್ ಸಮುದ್ರದ ಟ್ರಾಲ್ ಬಲೆಗಳಲ್ಲಿ ಇದು ಬಳಕೆಗೆ ಬಂದು ವರ್ಷಗಳಾದವು. ಚೌಕದಷ್ಟು ತೆರೆಯುವುದಿಲ್ಲ, ಆದರೆ ಇರುವ ಬಲೆಯಲ್ಲೇ ಹೆಚ್ಚು ಖರ್ಚಿಲ್ಲದೆ ಮಾಡಿ ನೋಡಬಹುದಾದ ಕೆಲಸ.

ಹೊಲಿಗೆಯಲ್ಲಿ ಗಮನಿಸಬೇಕಾದದ್ದು ಸುತ್ತಳತೆ. ಚೀಲಕ್ಕಿಂತ ಮುಂದಿನ ಭಾಗ 35 ಮಿ.ಮೀ. ವಜ್ರಾಕಾರದ್ದಾದರೆ ಅದರ ಎರಡು ಕಣ್ಣಿಗೆ ಚೀಲದ ಒಂದು ಚೌಕ ಸೇರಿಸಿ ಹೊಲಿಯುವುದು ರೂಢಿ. ಸುತ್ತಲೂ 160 ವಜ್ರಾಕಾರದ ಕಣ್ಣುಗಳಿದ್ದರೆ ಚೀಲಕ್ಕೆ 80 ಚೌಕಗಳು, 17.5ರ ಲೆಕ್ಕದಲ್ಲಿ 1400 ಮಿ.ಮೀ. ಸುತ್ತಳತೆ. ಒಂದಕ್ಕೊಂದು ಸಮನಾಗಿ ಸೇರಿಸುತ್ತ ಹೋದರೆ ಚೀಲ ಅಗಲವಾಗಿ ಮಡಿಕೆ ಬಿದ್ದು, ಮಡಿಕೆಯಲ್ಲಿ ಕಣ್ಣು ಮುಚ್ಚಿಹೋಗುತ್ತದೆ. ಚೌಕ ಕಣ್ಣಿನ ಬಲೆಯಲ್ಲಿ ಭಾರವೆಲ್ಲ ಉದ್ದದ ನೂಲುಗಳ ಮೇಲೇ ಬೀಳುತ್ತದೆ. ಆದ್ದರಿಂದ ಚೀಲದ ಉದ್ದಕ್ಕೂ ಎರಡು ಬದಿಗೆ, ಬಲೆಗಿಂತ ತುಸು ಗಿಡ್ಡವಾಗಿ ಹಗ್ಗ ಕಟ್ಟಿಸಿ. ಮೇಲೆತ್ತುವಾಗ ತೂಕ ಹಗ್ಗದ ಮೇಲೆ ಬರಬೇಕು.

ವಜ್ರಾಕಾರದ ಬಲೆಯಿಂದ ಚೌಕ ಬಲೆ ಕತ್ತರಿಸುವಾಗ ಮೂಲೆಗಳಲ್ಲಿ ತ್ರಿಕೋನದ ತುಂಡುಗಳು ಉಳಿಯುತ್ತವೆ. ಅನುಭವವಿರುವ ಬಲೆ ಹೊಲಿಯುವವರು ಅವನ್ನೂ ಸೇರಿಸಿ ಹೊಲಿದು ವ್ಯರ್ಥವಾಗದಂತೆ ನೋಡಿಕೊಳ್ಳುತ್ತಾರೆ. ಕೂಲಿ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ, ಮಾಮೂಲಿ ಚೀಲಕ್ಕಿಂತ ಕೆಲಸ ಹೆಚ್ಚು.

ಸಿಗಡಿ ತೀರಾ ಸಣ್ಣದಾಗಿದ್ದರೆ

ತಾಂಡೇಲರ ಮೊದಲ ಆಕ್ಷೇಪ ಬರುವುದು ಇಲ್ಲಿ, ಅದರಲ್ಲಿ ಹುರುಳಿದೆ. ನೀವು ಹಿಡಿಯುವ ಸಿಗಡಿ ದೊಡ್ಡ ಜಾತಿಯದಾದರೆ ತೊಂದರೆಯಿಲ್ಲ. ಆದರೆ ಮೆಟಾಪೆನಿಯಸ್ ಡಾಬ್ಸೋನಿಯಂಥ ಚಿಕ್ಕ ಜಾತಿ ದೊಡ್ಡದಾದರೂ ಬೆರಳುದ್ದವೇ. ಚೌಕ ಕಣ್ಣಿನಲ್ಲಿ ಅದರ ಒಂದು ಪಾಲು ಹೋಗಿಯೇ ಹೋಗುತ್ತದೆ. ಆಗ ಚೀಲದ ಜೊತೆಗೆ ಇನ್ನೊಂದು ಉಪಾಯ ಬೇಕು: ಕಣ್ಣಿನ ಗಾತ್ರವನ್ನು ನಂಬದೆ, ಮೀನು ಮತ್ತು ಸಿಗಡಿಯ ನಡವಳಿಕೆಯ ವ್ಯತ್ಯಾಸವನ್ನು ಬಳಸುವುದು.

ಬಲೆಯೊಳಗೆ ಸಿಕ್ಕ ಮೀನು ಈಜುತ್ತದೆ, ಬೆಳಕಿನ ಕಡೆಗೆ, ಮೇಲಕ್ಕೆ ದಾರಿ ಹುಡುಕುತ್ತದೆ. ಸಿಗಡಿ ಬಾಲ ಬಡಿದು ಹಿಂದಕ್ಕೆ ಚಿಮ್ಮುತ್ತದೆ, ಬೇಗ ಸುಸ್ತಾಗಿ ನೀರಿನ ಸೆಳೆತಕ್ಕೆ ಸಿಕ್ಕು ಬಲೆಯ ಕೆಳಭಾಗದಲ್ಲೇ ಹಿಂದೆ ಹೋಗುತ್ತದೆ. ಹಾಗಾಗಿ ಚೀಲಕ್ಕೆ ಸ್ವಲ್ಪ ಮುಂದೆ, ಬಲೆಯ ಮೇಲ್ಭಾಗದಲ್ಲಿ ಮಾತ್ರ ದೊಡ್ಡ ಚೌಕ ಕಣ್ಣಿನ ಒಂದು ಕಿಟಕಿ ಹೊಲಿದರೆ ಮರಿಗಳು ಅಲ್ಲಿಂದ ಹೋಗುತ್ತವೆ, ಸಿಗಡಿ ಉಳಿಯುತ್ತದೆ. ಕಿಟಕಿ ಎಲ್ಲಿರಬೇಕು ಎಂಬುದೇ ಇದರ ಜೀವಾಳ. ಮೀನು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಚೀಲದಲ್ಲಿ ತುಂಬಿದ ಮಾಲಿಗೆ ತುಸು ಮುಂದೆ. ಕಿಟಕಿ ತೀರಾ ಮುಂದಿದ್ದರೆ ಮೀನು ಅದನ್ನು ದಾಟಿ ಬಂದುಬಿಡುತ್ತದೆ. ತೀರಾ ಹಿಂದಿದ್ದರೆ ಮಾಲು ಬಂದು ಅದನ್ನೇ ಮುಚ್ಚುತ್ತದೆ.

ಇದೇ ತತ್ವದ ಇನ್ನೊಂದು ಸಾಧನ ಫಿಶ್ ಐ. ಕಬ್ಬಿಣದ ಸರಳಿನ ಚಿಕ್ಕ ಚೌಕಟ್ಟನ್ನು ಚೀಲದ ಮೇಲ್ಭಾಗಕ್ಕೆ ಕೂರಿಸುತ್ತಾರೆ, ಅದರ ತೆರೆದ ಬಾಯಿ ಬಲೆಯ ಮುಂಭಾಗಕ್ಕೆ ತಿರುಗಿರುತ್ತದೆ. ಹೊರಹೋಗಲು ಮುಂದಕ್ಕೆ ಈಜಬೇಕು. ಮೀನಿಗೆ ಅದು ಆಗುತ್ತದೆ, ಸಿಗಡಿಗೆ ಆಗುವುದಿಲ್ಲ. ಚೀಲದ ತುದಿಗೆ ಹತ್ತಿರ ಕೂರಿಸಿದಷ್ಟೂ ಹೆಚ್ಚು ಮೀನು ಪಾರಾಗುತ್ತದೆ, ಸಿಗಡಿ ನಷ್ಟವೂ ಏರುತ್ತದೆ. ಒಂದು ಕಡೆ ಹಾಕಿ ಕೆಲವು ಎಳೆತ ನೋಡಿ, ಸರಿಸಿ ಮತ್ತೆ ನೋಡಿ. ರಾತ್ರಿ ಎಳೆತದಲ್ಲಿ ಕಿಟಕಿಯಾಗಲಿ ಫಿಶ್ ಐ ಆಗಲಿ ಹಗಲಿನಷ್ಟು ಕೆಲಸ ಮಾಡದೆ ಇರಬಹುದು, ಏಕೆಂದರೆ ಮೀನು ದಾರಿ ಹುಡುಕುವುದು ಕಣ್ಣಿನಿಂದ. ಹಗಲು ರಾತ್ರಿಯ ಫಲಿತಾಂಶ ಬೇರೆಬೇರೆ ಬರೆಯಿರಿ.

ಸಿಫ್ಟ್ ರೂಪಿಸಿದ ಜೆಎಫ್‌ಇ-ಎಸ್‌ಎಸ್‌ಡಿ ಎಂಬ ಸಾಧನ ಇನ್ನೂ ಒಂದು ಹೆಜ್ಜೆ ಮುಂದೆ. ಬಲೆಯೊಳಗೆ ಸರಳಿನ ಚೌಕಟ್ಟು ಕೂರಿಸಿ ಸಿಗಡಿಯನ್ನು ಕೆಳಗಿನ ಚೀಲಕ್ಕೂ ದೊಡ್ಡ ಮೀನನ್ನು ಮೇಲಿನ ಚೀಲಕ್ಕೂ ಬೇರೆಮಾಡಿ, ಮರಿಗಳನ್ನು ಹೊರಗೆ ಬಿಡುತ್ತದೆ. ಡೆಕ್ಕಿನ ಮೇಲೆ ಬೇರ್ಪಡಿಸುವ ಕೆಲಸವೂ ಕಡಿಮೆ, ದೊಡ್ಡ ಮೀನಿನ ಭಾರಕ್ಕೆ ಸಿಗಡಿ ಜಜ್ಜಿಹೋಗುವುದೂ ತಪ್ಪುತ್ತದೆ. ಆದರೆ ಕೂರಿಸಲು, ಸಂಭಾಳಿಸಲು ತರಬೇತಿ ಬೇಕು. ಮೊದಲ ಬಾರಿಗೆ ಬದಲಾವಣೆ ಮಾಡುವ ಬೋಟಿಗೆ ಚೌಕ ಚೀಲ ಮತ್ತು ಕಿಟಕಿಯಿಂದ ಶುರುಮಾಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಆಮೆ ತಪ್ಪಿಸಿಕೊಳ್ಳುವ ಟೆಡ್ ಬೇರೆಯೇ ಸಾಧನ. ಅದರ ಸರಳುಗಳ ಸಂದು ದೊಡ್ಡದು, ಮರಿ ಮೀನು ಸಿಗಡಿಯ ಜೊತೆಗೇ ಒಳಗೆ ಹೋಗುತ್ತದೆ. ಹಾಗೆಂದು ಟೆಡ್ ಬೇಡವೆಂದಲ್ಲ. ಆಮೆ ರಕ್ಷಣೆಯ ಕಾರಣಕ್ಕೆ ಅಮೆರಿಕ 2019ರಿಂದ ಭಾರತದ ಸಮುದ್ರ ಸಿಗಡಿಯನ್ನು ಕೊಳ್ಳುವುದನ್ನೇ ನಿಲ್ಲಿಸಿದೆ, ಆ ನಷ್ಟ ದಕ್ಕೆಯ ದರದಲ್ಲಿ ಕಾಣುತ್ತದೆ. ಎರಡೂ ಬೇಕು, ಒಂದನ್ನು ಹಾಕಿ ಇನ್ನೊಂದೂ ಆಯಿತು ಎಂದುಕೊಳ್ಳಬಾರದು.

ಹಾಕಿದ ಮೇಲೆ ಪರೀಕ್ಷಿಸಿ

ಹೊಸ ಚೀಲ ಹಾಕಿದ ಮೊದಲ ವಾರ ಸಿಗಡಿ ಕಡಿಮೆ ಬಂದರೆ ಎಲ್ಲರೂ ಚೀಲವನ್ನೇ ದೂರುತ್ತಾರೆ. ಆ ವಾರ ಸಮುದ್ರದಲ್ಲೇ ಸಿಗಡಿ ಇರಲಿಲ್ಲವೇನೋ. ಪರೀಕ್ಷೆ ಸರಿಯಾಗಿ ಮಾಡದಿದ್ದರೆ ಈ ಜಗಳ ಮುಗಿಯುವುದಿಲ್ಲ.

ಒಳ್ಳೆಯ ವಿಧಾನವೆಂದರೆ ಹೊಸ ಚೀಲದ ಹೊರಗೆ ತೀರಾ ಸಣ್ಣ ಕಣ್ಣಿನ ಇನ್ನೊಂದು ಚೀಲ ಕಟ್ಟುವುದು. ಪರೀಕ್ಷೆಗೆ ಮಾತ್ರ, ಕೆಲವೇ ಎಳೆತಗಳಿಗೆ, ಅದೂ ಮೀನುಗಾರಿಕೆ ಇಲಾಖೆಗೆ ತಿಳಿಸಿ. ಒಳ ಚೀಲದಿಂದ ಪಾರಾದದ್ದೆಲ್ಲ ಹೊರ ಚೀಲದಲ್ಲಿ ಸಿಗುತ್ತದೆ. ಹೊರ ಚೀಲ ಒಳ ಚೀಲಕ್ಕೆ ಅಂಟಿಕೊಂಡರೆ ಕಣ್ಣು ಮುಚ್ಚಿ ಫಲಿತಾಂಶ ಸುಳ್ಳಾಗುತ್ತದೆ, ಆದ್ದರಿಂದ ನಡುವೆ ಪಿವಿಸಿ ಪೈಪಿನ ಬಳೆಗಳನ್ನು ಹಾಕಿ ದೂರ ಇಡಬೇಕು.

ಎರಡು ಚೀಲದ ಮಾಲನ್ನೂ ಬೇರೆಬೇರೆ ಬುಟ್ಟಿಗೆ ಸುರಿದು ಒಂದು ಜಾತಿ ಆರಿಸಿಕೊಳ್ಳಿ. ಮದ್ಮಾಲ್ ಇರಲಿ. ಸ್ಕೇಲಿಟ್ಟು ಮೂತಿಯಿಂದ ಬಾಲದ ತುದಿವರೆಗೆ ಅಳೆದು ಸೆಂಟಿಮೀಟರ್ ಲೆಕ್ಕದಲ್ಲಿ ಎಣಿಸಿ. ಲೆಕ್ಕದ ಮಾದರಿಗಾಗಿ ಹೀಗೆಂದುಕೊಳ್ಳಿ: 10 ಸೆಂ.ಮೀ. ಮೀನುಗಳಲ್ಲಿ ಒಳಗೆ 18, ಹೊರಗೆ 42. ಅಂದರೆ 60ರಲ್ಲಿ 18 ಉಳಿದವು, ಶೇ. 30. 12 ಸೆಂ.ಮೀ. ಮೀನುಗಳಲ್ಲಿ ಒಳಗೆ 30, ಹೊರಗೆ 30, ಶೇ. 50. 14 ಸೆಂ.ಮೀ. ಮೀನುಗಳಲ್ಲಿ ಒಳಗೆ 48, ಹೊರಗೆ 12, ಶೇ. 80. ಅರ್ಧ ಉಳಿದು ಅರ್ಧ ಪಾರಾಗುವ ಉದ್ದ 12 ಸೆಂ.ಮೀ. ಬಲೆಯ ಆಯ್ಕೆ ಎಂದು ವಿಜ್ಞಾನಿಗಳು ಹೇಳುವುದರ ತಿರುಳು ಈ ಒಂದು ಅಂಕಿ. ಅದನ್ನು ಆ ಮೀನಿಗೆ ನಿಗದಿಯಾದ ಕನಿಷ್ಠ ಗಾತ್ರದ ಜೊತೆ ಹೋಲಿಸಿ ನೋಡಿ. ಅರ್ಧದ ಉದ್ದ ಕನಿಷ್ಠ ಗಾತ್ರಕ್ಕಿಂತ ಕಡಿಮೆಯಿದ್ದರೆ ಚೀಲ ಇನ್ನೂ ಮರಿಗಳನ್ನು ಹಿಡಿಯುತ್ತಿದೆ.

ಕನಿಷ್ಠ ಗಾತ್ರಗಳನ್ನು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿದೆ. ಕೇರಳ ಅದನ್ನು 58 ಜಾತಿಗಳಿಗೆ ಕಾನೂನಾಗಿಸಿದೆ. ಬೂತಾಯಿಗೆ (ಸಾರ್ಡೀನ್) 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ., ಕೇರಳದವರು ಕರಿಕ್ಕಾಡಿ ಎನ್ನುವ ಸಿಗಡಿಗೆ 7 ಸೆಂ.ಮೀ. ನಮ್ಮಲ್ಲಿ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ, 1986ರ ಅಡಿಯಲ್ಲಿ ನಿಯಮಗಳು ಬರುತ್ತವೆ. ಬೋಟಿನ ಲೈಸೆನ್ಸಿನ ಷರತ್ತುಗಳನ್ನು ತೆಗೆದು ಓದಿ. ಇಲಾಖೆಯ ನಿರ್ದೇಶನಾಲಯ ಬೆಂಗಳೂರಿನಲ್ಲೇ ಇರುವುದರಿಂದ ಇಲ್ಲಿರುವ ಪಾಲುದಾರರಿಗೆ ಈಗ ಜಾರಿಯಲ್ಲಿರುವ ಆದೇಶದ ಪ್ರತಿ ಪಡೆಯುವುದು ಊರಿನವರಿಗಿಂತ ಸುಲಭ.

ಹೊರ ಚೀಲ ಕಟ್ಟುವಷ್ಟು ವ್ಯವಧಾನ ಇಲ್ಲದಿದ್ದರೆ ಹಳೆಯ ಚೀಲದಲ್ಲಿ ಒಂದು ಎಳೆತ, ಹೊಸದರಲ್ಲಿ ಒಂದು ಎಳೆತ, ಅದೇ ಜಾಗ, ಅದೇ ಹೊತ್ತು, ಅಷ್ಟೇ ತಾಸು. ಹೀಗೆ ಜೋಡಿ ಜೋಡಿಯಾಗಿ ಮಾಡಿ. ಒಂದೆರಡು ಜೋಡಿ ನೋಡಿ ತೀರ್ಮಾನಕ್ಕೆ ಬರಬೇಡಿ, ಸಮುದ್ರ ದಿನಕ್ಕೊಂದು ತರಹ.

ಎಳೆಯುವ ರೀತಿ

ಒಳ್ಳೆಯ ಚೀಲವನ್ನೂ ತಪ್ಪಾಗಿ ಎಳೆದರೆ ಪ್ರಯೋಜನವಿಲ್ಲ. ಎಳೆತ ಉದ್ದವಾದಷ್ಟೂ ಚೀಲ ತುಂಬಿ ಕಣ್ಣುಗಳಿಗೆ ಮಾಲು ಅಡ್ಡಬೀಳುತ್ತದೆ. ನಮ್ಮ ಕರಾವಳಿಯಲ್ಲಿ ರಾಶಿಗಟ್ಟಲೆ ಬೀಳುವ ಮ್ಯಾಂಟಿಸ್ ಸಿಗಡಿ ಮುಳ್ಳುಗಳಿಂದ ಬಲೆಗೆ ಸಿಕ್ಕಿಕೊಂಡು ಕಣ್ಣು ಮುಚ್ಚುವುದರಲ್ಲಿ ಮುಂದು. ಎರಡು ಎಳೆತದ ನಡುವೆ ಚೀಲವನ್ನು ಕೊಡವಿ ಸ್ವಚ್ಛಮಾಡಿಸಿ. ಎಳೆತ ಗಿಡ್ಡವಾದರೆ ಪಾರಾದ ಮರಿ ಬದುಕುವ ಸಾಧ್ಯತೆಯೂ ಹೆಚ್ಚು. ತಾಸುಗಟ್ಟಲೆ ಬಲೆಯೊಳಗೆ ಉಜ್ಜಿ ಪೊರೆ ಕಳೆದುಕೊಂಡ ಮೀನು ಹೊರಗೆ ಹೋದರೂ ಉಳಿಯುವುದು ಕಷ್ಟ, ಬೂತಾಯಿಯಂಥ ಮೆದು ಮೈಯವಕ್ಕಂತೂ ಇನ್ನೂ ಕಷ್ಟ. ಆದ್ದರಿಂದ ಮರಿಗಳೇ ತುಂಬಿರುವ ಜಾಗಕ್ಕೆ ಬಲೆ ಬಿಡದಿರುವುದು ಎಲ್ಲ ಸಾಧನಗಳಿಗಿಂತ ಮಿಗಿಲು.

ಆ ಜಾಗಗಳು ತಾಂಡೇಲರಿಗೆ ಗೊತ್ತು. ಸಿಗಡಿ ಮೊಟ್ಟೆಯಿಡುವುದು ಸಮುದ್ರದಲ್ಲಿ, ಮರಿ ಬೆಳೆಯುವುದು ಅಳಿವೆಯ ಒಳಗೆ, ತುಸು ದೊಡ್ಡದಾಗಿ ಮತ್ತೆ ಸಮುದ್ರಕ್ಕೆ ಮರಳುತ್ತದೆ. ಮಳೆಗಾಲದ ನಂತರ ಅಳಿವೆಬಾಗಿಲಿನ ಆಸುಪಾಸು ಎಳೆದರೆ ಸಿಗುವುದು ಆ ಮರಳುವ ಮರಿಗಳೇ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಒಮ್ಮೆಲೇ ಇಳಿಯುವಾಗ ಈ ಎಚ್ಚರ ಹೆಚ್ಚು ಬೇಕು. ಮೊದಲ ಎಳೆತದಲ್ಲಿ ಬುಟ್ಟಿ ತುಂಬ ಮರಿಯೇ ಬಂದರೆ ಅಲ್ಲಿಂದ ಬೋಟು ತಿರುಗಿಸಿ, ಹತ್ತಿರದ ಬೋಟಿನವರಿಗೂ ವಯರ್‌ಲೆಸ್‌ನಲ್ಲಿ ಹೇಳಿ.

ಲೆಕ್ಕ ನೋಡುವ ರೀತಿ

ಬೆಂಗಳೂರಿನಲ್ಲಿ ಕೂತವರ ಕೆಲಸ ನಿಜವಾಗಿ ಇದು. ಫೋನಿನಲ್ಲಿ ಕೇಜಿ ಕೇಳುವುದನ್ನು ಬಿಟ್ಟು ಹೀಗೆ ಕೇಳಿ ನೋಡಿ: "ಅಣ್ಣ, ಸಿಗಡಿ ಯಾವ ಸೈಜಿನದು ಬಂತು? ಕೇಜಿಗೆ ಎಷ್ಟು ಸಿಗಡಿ ತೂಗಿತು? ಫಿಶ್‌ಮೀಲ್‌ಗೆ ಎಷ್ಟು ಹೋಯಿತು? ಡೀಸೆಲ್ ಎಷ್ಟು ಉರಿಯಿತು?" ಮೊದಮೊದಲು ಉತ್ತರ ಸಿಗದಿರಬಹುದು. ಕೇಳುತ್ತ ಹೋದರೆ ಬರೆದಿಡಲು ಶುರುಮಾಡುತ್ತಾರೆ. ಕೇಜಿಗೆ 100 ತೂಗುವ ಸಿಗಡಿಗೂ 40 ತೂಗುವ ಸಿಗಡಿಗೂ ದರದಲ್ಲಿರುವ ಅಂತರ ನಮಗೆಲ್ಲ ಗೊತ್ತು. ಬೋಟಿನ ಪುಸ್ತಕದಲ್ಲಿ ಮಾತ್ರ ಎರಡೂ ಒಂದೇ ಸಾಲಿನಲ್ಲಿ ಸೇರಿರುತ್ತವೆ. ಸಾಲುಗಳನ್ನು ಬೇರೆಮಾಡಿ, ಪ್ರತಿ ಟ್ರಿಪ್ಪಿಗೂ ಸಿಗಡಿಯ ದುಡ್ಡು, ಒಳ್ಳೆಯ ಮೀನಿನ ದುಡ್ಡು, ಫಿಶ್‌ಮೀಲ್ ದುಡ್ಡು, ಡೀಸೆಲ್, ಐಸ್ ಎಂದು ಬರೆಸಿ. ಹೊಸ ಚೀಲದಲ್ಲಿ ಒಟ್ಟು ತೂಕ ಖಂಡಿತ ಇಳಿಯುತ್ತದೆ. ಇಳಿದದ್ದು ಯಾವ ಸಾಲಿನಲ್ಲಿ ಎಂಬುದನ್ನು ನೋಡಿ ಮಾತಾಡಿ.

ಕಲಾಸಿಗಳ ಪಾಲಿನ ಬಗ್ಗೆ ಮೊದಲೇ ಮಾತಾಡಿಕೊಳ್ಳುವುದು ಬಹಳ ಅಗತ್ಯ. ಸಣ್ಣ ಮೀನಿನ ದುಡ್ಡು ಕಲಾಸಿಗಳಿಗೆ ಹೋಗುವ ಪದ್ಧತಿ ನಿಮ್ಮ ಬೋಟಿನಲ್ಲಿದ್ದರೆ, ಹೊಸ ಚೀಲ ಮೊದಲು ಹೊಡೆಯುವುದು ಅವರ ಜೇಬಿಗೆ. ಅದನ್ನು ತುಂಬಿಕೊಡದೆ ಮರಿಗಳನ್ನು ಉಳಿಸಿ ಎಂದು ಅವರಿಗೆ ಉಪದೇಶ ಮಾಡುವುದು ನ್ಯಾಯವಲ್ಲ. ಮೊದಲ ಸೀಸನ್ನಿಗಾದರೂ ಆ ಮೊತ್ತವನ್ನು ಮಾಲೀಕರ ಪಾಲಿನಿಂದ ಕೊಡಿ. ಹೀಗೆ ಮಾಡದ ಕಡೆ ಹೊಸ ಚೀಲ ಎರಡನೇ ಟ್ರಿಪ್ಪಿಗೇ ಬಲೆ ಶೆಡ್ಡು ಸೇರುತ್ತದೆ, ಹಳೆಯದು ಮರಳಿ ಬರುತ್ತದೆ.

ಬೋಟಿಲ್ಲದವರು ಏನು ಮಾಡಬಹುದು

ಬೆಂಗಳೂರಿನಲ್ಲಿ ಮಾರುವ ಸಿಗಡಿಯಲ್ಲಿ ಬಹಳಷ್ಟು ಕೊಳದಲ್ಲಿ ಸಾಕಿದ ವನ್ನಾಮಿ ಜಾತಿಯದು, ಹೆಚ್ಚಿನದು ಆಂಧ್ರದ ಕಡೆಯಿಂದ ಬರುವುದು. ಎಲ್ಲ ಒಂದೇ ಗಾತ್ರ, ಒಂದೇ ಬಣ್ಣ ಇದ್ದರೆ ಸಾಮಾನ್ಯವಾಗಿ ಅದೇ. ಸಮುದ್ರದ ಸಿಗಡಿಯ ರಾಶಿಯಲ್ಲಿ ಬೇರೆಬೇರೆ ಜಾತಿ, ಬೇರೆಬೇರೆ ಗಾತ್ರ ಬೆರೆತಿರುತ್ತವೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಅಂಥ ರಾಶಿಯ ಮುಂದೆ ನಿಂತು ಕೈಯಾಡಿಸಿ ನೋಡಿ. ಸಿಗಡಿಯ ಮಧ್ಯೆ ಅಂಗುಲದಷ್ಟು ನಂಗಿನ ಮರಿ, ಗುಲಾಬಿ ಬಣ್ಣ ಇನ್ನೂ ಮಾಸದ ಮದ್ಮಾಲ್ ಮರಿ ಸಿಕ್ಕಿದರೆ ಆ ಬಲೆಯ ಕಣ್ಣು ಎಂಥದೆಂದು ಯಾರೂ ಹೇಳಬೇಕಾಗಿಲ್ಲ. ಜೇಬಿನಲ್ಲಿ ಚಿಕ್ಕ ಟೇಪು ಇಟ್ಟುಕೊಂಡು ಹೋಗಿ. ಬಂಗುಡೆ 14 ಸೆಂ.ಮೀ.ಗಿಂತ, ಬೂತಾಯಿ 10 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಗ್ಗಕ್ಕೆ ಕೊಟ್ಟರೂ ಬೇಡವೆಂದು ಹೇಳಿ, ಏಕೆಂದೂ ಹೇಳಿ. ಅಂಗಡಿಯವರು ತಾವು ತರಿಸುವ ಏಜೆಂಟಿಗೆ ಈ ಮಾತು ಮುಟ್ಟಿಸುತ್ತಾರೆ, ಕೊಳ್ಳುವವರು ಬೇಡವೆಂದ ಮಾಲನ್ನು ಅವರೂ ಮತ್ತೆ ತರಿಸುವುದಿಲ್ಲ.

ಯಾವಾಗ ಶುರುಮಾಡುವುದು

ಬಲೆ ಹೊಲಿಯುವ ಕೆಲಸ ನಡೆಯುವುದು ನಿಷೇಧದ ದಿನಗಳಲ್ಲಿ, ಬೋಟು ದಡದಲ್ಲಿರುವಾಗ. ಆಗ ಹೊಲಿಯುವವರ ಕೈ ಖಾಲಿ ಇರುವುದಿಲ್ಲ, ಗಂಟಿಲ್ಲದ ಬಲೆ ಅಂಗಡಿಯಲ್ಲಿ ಕೂಡಲೇ ಸಿಗುವುದೂ ಕಷ್ಟ. ಏಪ್ರಿಲ್‌ನಲ್ಲಿ ಊರಿಗೆ ಹೋಗಿ ಈಗಿನ ಚೀಲ ಅಳೆಯಿರಿ, ಮೇ ತಿಂಗಳಲ್ಲಿ ಬಲೆಗೆ ಮುಂಗಡ ಕೊಡಿ, ಜೂನ್‌ನಲ್ಲಿ ಹೊಲಿಸಿ. ಸಮುದ್ರ ಉತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರದ (ಎಂಪಿಇಡಿಎ) ಅಡಿಯ ನೆಟ್‌ಫಿಶ್ ಸಂಸ್ಥೆ ಬಂದರುಗಳಲ್ಲಿ ಮೀನುಗಾರರಿಗೆ ತರಬೇತಿ ಕೊಡುತ್ತದೆ, ಮಂಗಳೂರಿನಲ್ಲಿ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಮೀನುಗಾರಿಕಾ ಕಾಲೇಜೂ ಇವೆ. ಜುಲೈಯಲ್ಲಿ ಬೋಟಿನವರು ಊರಲ್ಲೇ ಇರುವಾಗ ಅವರಲ್ಲಿ ಒಬ್ಬರನ್ನು ಕರೆಸಿ, ತಾಂಡೇಲರು ಮತ್ತು ಕಲಾಸಿಗಳ ಮುಂದೆ ಹೊಸ ಚೀಲ ಬಿಚ್ಚಿ ಹರವಿ ತೋರಿಸಿ, ಅವರ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗಲಿ. ಹಳೆಯ ಚೀಲವನ್ನು ಎಸೆಯಬೇಡಿ, ಆಗಸ್ಟಿನಲ್ಲಿ ಜೋಡಿ ಎಳೆತದ ಪರೀಕ್ಷೆಗೆ ಅದು ಬೇಕು. ಪೀಣ್ಯದಲ್ಲಿ ಮಾಡಿಸಿದ ತಗಡನ್ನು ಬೋಟಿನಲ್ಲೇ ಬಿಟ್ಟು ಬನ್ನಿ. ಹೊಸ ಚೀಲದ ಕಣ್ಣನ್ನು ತಿಂಗಳಿಗೊಮ್ಮೆ ಅಳೆದು, ಮೊದಲ ಸರಾಸರಿಗಿಂತ ಎರಡು ಮಿಲಿಮೀಟರಿಗಿಂತ ಹೆಚ್ಚು ಕುಗ್ಗಿದ್ದರೆ ಅಥವಾ ಚೌಕಗಳು ಸೊಟ್ಟಗಾಗಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸ ತುಂಡು ಹಾಕಿಸಲು ಹೇಳಿ.